ಚನ್ನಪಟ್ಟಣದ ಗೊಂಬೆ ಕಾರ್ಖಾನೆಗಳಲ್ಲಿ ದಾಸ್ತಾನಿನ ಲೆಕ್ಕ

ಚನ್ನಪಟ್ಟಣದ ಅರಗಿನ ಗೊಂಬೆಗಳ ಬಣ್ಣ, ನುಣುಪುಗಳ ಬಗ್ಗೆ ಸಾಕಷ್ಟು ಬರವಣಿಗೆ ನಡೆದಿದೆಯಾದರೂ, ಅವನ್ನು ತಯಾರಿಸುವ ಸಣ್ಣ ಕಾರ್ಖಾನೆಗಳಲ್ಲಿ ಸರಕಿನ ಲೆಕ್ಕ ಇಡುವ ಕ್ರಮ ಬದಲಾದ ಬಗೆಯನ್ನು ಗಮನಿಸಿದವರು ಕಡಿಮೆ. ಆ ಕಸುಬನ್ನು ಹತ್ತಿರದಿಂದ ಕಂಡವರ ನೆನಪಿನಲ್ಲಿ, ಕೈಲೇತು ಹೋಗಿ ಕರೆಂಟ್ ಲೇತು ಬಂದದ್ದಕ್ಕಿಂತ ಈ ಬದಲಾವಣೆ ಚಿಕ್ಕದೇನಲ್ಲ. ಯಜಮಾನನ ಕಣ್ಣಳತೆಯಲ್ಲಿದ್ದ ತಿಳಿವಳಿಕೆಯನ್ನು ತೆರಿಗೆ ಕಾನೂನು ಪುಸ್ತಕಕ್ಕೆ ಇಳಿಸಬೇಕೆಂದು ಕೇಳಿದ ಕಥೆ ಅದು.

ಹಿಂದೆ ಮೂಲೆಯಲ್ಲಿ ಒಟ್ಟಿದ ಹಾಲೆ ಮರದ ರಾಶಿಯನ್ನು ನೋಡಿಯೇ ಇನ್ನೆಷ್ಟು ದಿನದ ಕೆಲಸಕ್ಕೆ ಮಾಲು ಇದೆಯೆಂದು ಹೇಳುತ್ತಿದ್ದರು. ಈ ಬಿಳಿಯ, ನಯವಾದ ಎಳೆಯ ಮರ ಬಂದ ಕೂಡಲೇ ಕೆಲಸಕ್ಕೆ ಒದಗುವುದಿಲ್ಲ. ಸಿಪ್ಪೆ ತೆಗೆದು ತಿಂಗಳುಗಟ್ಟಲೆ ಒಣಗಿಸಬೇಕು, ಒಣಗುವಾಗ ಬಿರಿದದ್ದನ್ನು ಬೇರೆಯಿಡಬೇಕು, ಉಳಿದದ್ದನ್ನು ಅಳತೆಗೆ ಕತ್ತರಿಸಿ ಲೇತಿಗೆ ಕೊಡಬೇಕು. ತಿರುಗುವ ಮರಕ್ಕೆ ಉಳಿ ತಾಗಿದಾಗ ಹೊಟ್ಟು ನೆಲಕ್ಕೆ ಬೀಳುತ್ತದೆ. ರೂಪ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ, ಆಮೇಲೆ ತಾಳೆಗರಿ ಅದಕ್ಕೆ ಹೊಳಪು ಕೊಡುತ್ತದೆ. ಹೀಗೆ ತೂಕದಲ್ಲಿ ಒಳಗೆ ಬಂದ ಮಾಲು ಎಣಿಕೆಯಲ್ಲಿ ಹೊರಗೆ ಹೋಗುತ್ತದೆ, ಮತ್ತು ನಡುವಿನ ಪ್ರತಿ ಹಂತದಲ್ಲೂ ಅದರ ಒಂದಂಶ ಕಳೆದುಹೋಗುತ್ತದೆ. ದಾಸ್ತಾನಿನ ಲೆಕ್ಕ ಈ ಕಸುಬಿನಲ್ಲಿ ಕಷ್ಟವಾದದ್ದು ಇದರಿಂದಲೇ ಹೊರತು, ಹಲವರು ಆರೋಪಿಸಿದಂತೆ ಕಸುಬುದಾರರ ಉದಾಸೀನದಿಂದಲ್ಲ.

ಆದಾಯ ತೆರಿಗೆಯ ದೃಷ್ಟಿಯಲ್ಲಿ ವರ್ಷದಲ್ಲಿ ಕೊಂಡದ್ದೆಲ್ಲ ಆ ವರ್ಷದ ಖರ್ಚಲ್ಲ. ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಮಾರ್ಚ್ 31ರಂದು ಉಳಿದದ್ದನ್ನು ಕಳೆದಾಗ ಬರುವುದೇ ಮಾರಿದ ಸರಕಿಗೆ ತಗುಲಿದ ವೆಚ್ಚ. ಉಳಿದದ್ದರಲ್ಲಿ ಒಣಗುತ್ತಿರುವ ಮರವೂ ಅರಗೂ ಕಚ್ಚಾ ಮಾಲು. ಕಡೆದು ಬಣ್ಣಕ್ಕೆ ಕಾದಿರುವ ಮಣಿಗಳು ಅರೆಸಿದ್ಧ ಮಾಲು, ಅವುಗಳ ಬೆಲೆಯಲ್ಲಿ ಅಲ್ಲಿಯವರೆಗಿನ ಕೂಲಿಯೂ ಸೇರಬೇಕು. ಮರಳು ಕಾಗದ, ತಾಳೆಗರಿಯಂಥವು ಕೆಲಸದಲ್ಲೇ ಸವೆದುಹೋಗುವ ಸಾಮಗ್ರಿಗಳು. ಲೇತಾದರೋ ಬಂಡವಾಳದ ಆಸ್ತಿ, ಅದರ ಬೆಲೆ ವರ್ಷವರ್ಷವೂ ಸವಕಳಿಯಾಗಿ ಖರ್ಚಿಗೆ ಬರುತ್ತದೆ. ಈ ವಿಂಗಡಣೆ ಇಲ್ಲದ ಕಾಲದಲ್ಲಿ, ಹೆಚ್ಚು ಮರ ಕೊಂಡ ವರ್ಷ ನಷ್ಟದಂತೆಯೂ ಅದೇ ಮರದ ಗೊಂಬೆಗಳು ಮಾರಿಹೋದ ಮುಂದಿನ ವರ್ಷ ಭಾರಿ ಲಾಭದಂತೆಯೂ ಕಾಣುತ್ತಿತ್ತು, ಎರಡೂ ನಿಜವಾಗಿರಲಿಲ್ಲ.

2005ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೌಲ್ಯವರ್ಧಿತ ತೆರಿಗೆಯೂ 2017ರ ಜುಲೈ 1ರಂದು ದೇಶದಾದ್ಯಂತ ಸರಕು ಮತ್ತು ಸೇವಾ ತೆರಿಗೆಯೂ ಬಂದ ಮೇಲೆ ಖರೀದಿಯ ಬಿಲ್ಲಿಗೆ ಹೊಸ ಬೆಲೆ ಬಂತು. ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಮಾರಾಟದ ತೆರಿಗೆಯಿಂದ ಕಳೆದುಕೊಳ್ಳುವುದನ್ನು ಹೂಡುವಳಿ ತೆರಿಗೆ ಜಮೆ ಎನ್ನುತ್ತಾರೆ. ಬಣ್ಣ, ಡಬ್ಬಿಗಳಿಗೆ ಅದು ಸಿಕ್ಕರೂ, ಕಾರ್ಖಾನೆಯಲ್ಲಿ ಅತಿ ಹೆಚ್ಚು ಜಾಗ ಹಿಡಿಯುವ ಮರವನ್ನು ರೈತರಿಂದ ನೇರವಾಗಿ ಕೊಂಡಾಗ ತೆರಿಗೆಯ ಬಿಲ್ಲೇ ಇರದು. ನಿಯಮದ ಪ್ರಕಾರ ದಾಸ್ತಾನು ಪುಸ್ತಕದಲ್ಲಿ ಬಂದದ್ದು, ಹೋದದ್ದು, ಉಳಿದದ್ದು ಮಾತ್ರವಲ್ಲದೆ ಕಳೆದದ್ದು, ಕಳುವಾದದ್ದು, ಉಡುಗೊರೆಯಾಗಿ ಕೊಟ್ಟದ್ದು, ಗುಜರಿ ಮತ್ತು ಹೊಟ್ಟು ಕೂಡ ದಾಖಲಾಗಬೇಕು. ಮಳೆಗೆ ನೆನೆದು ಕೆಟ್ಟ ಗೊಂಬೆಗೂ ಮಾದರಿಯೆಂದು ಪುಕ್ಕಟೆ ಕೊಟ್ಟ ಗೊಂಬೆಗೂ ಪಡೆದ ಜಮೆಯನ್ನು ಹಿಂದಿರುಗಿಸಬೇಕು. ಮನೆಗಳಲ್ಲಿ ಕಡೆಯುವವರಿಗೆ ಮರ ಕೊಟ್ಟು ಮಣಿ ಪಡೆಯುವ ಕ್ರಮ ಕಾನೂನಿನಲ್ಲಿ ಜಾಬ್ ವರ್ಕ್ ಎನಿಸಿತು. ಮರ ಬೇರೆ ಮನೆಯಲ್ಲಿದ್ದರೂ ಅದು ಕೊಟ್ಟವರ ದಾಸ್ತಾನೇ, ಚಲನ್ ಬರೆದು ಕಳುಹಿಸಬೇಕು, 1 ವರ್ಷದೊಳಗೆ ಮರಳದಿದ್ದರೆ ಕಳುಹಿಸಿದ ದಿನವೇ ಮಾರಿದಂತೆ ಲೆಕ್ಕ. ತಲೆಮಾರುಗಳಿಂದ ಬಾಯಿಮಾತಿನಲ್ಲಿ ನಡೆದ ಕೊಡುಕೊಳ್ಳುವಿಕೆಗೆ ಇದು ಬಿಗಿಯಾದ ಕಟ್ಟಾದರೂ, ಯಾರಿಗೆ ಎಷ್ಟು ಕೂಲಿ ಬಾಕಿಯಿದೆ ಎಂಬುದೂ ಅದೇ ಚಲನ್‌ಗಳಿಂದ ತಿಳಿಯುವಂತಾದದ್ದು ಕಡೆಯುವವರ ಪಾಲಿಗೆ ದೊಡ್ಡ ಲಾಭ.

ಸಣ್ಣವರಿಗೆ ವಿನಾಯಿತಿಗಳೂ ಬಂದವು. 2019ರ ಏಪ್ರಿಲ್‌ನಿಂದ ರಾಜ್ಯದೊಳಗೆ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಮಿತಿ 40 ಲಕ್ಷ ರೂಪಾಯಿಗೆ ಏರಿತು. ವಹಿವಾಟಿನ ಶೇ 1ರಷ್ಟನ್ನು ಕಟ್ಟುವ ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ತಯಾರಕರಿಗೆ ಮೇಲೆ ಹೇಳಿದ ದಾಸ್ತಾನು ಪುಸ್ತಕದ ಕಡ್ಡಾಯವಿಲ್ಲ. ಆದರೆ ಅವರು ಹೂಡುವಳಿ ಜಮೆ ಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಗೊಂಬೆಯ ಗಿರಾಕಿ ದೇಶದ ಎಲ್ಲೆಡೆ ಇರುವಾಗ ಈ ಎರಡನೆಯ ನಿರ್ಬಂಧ ನ್ಯಾಯವೆನಿಸುವುದಿಲ್ಲ. ಕೈಯಿಂದಲೇ ಹೆಚ್ಚಾಗಿ ತಯಾರಾದ ಕರಕುಶಲ ವಸ್ತುಗಳನ್ನು 20 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿಯಿಲ್ಲದೆಯೇ ಹೊರರಾಜ್ಯಕ್ಕೆ ಕಳುಹಿಸಲು 2017ರ ಸೆಪ್ಟೆಂಬರ್‌ನಲ್ಲಿ ಅವಕಾಶ ದೊರೆಯಿತಾದರೂ, ಸರಕಿನ ಬೆಲೆ ಎಷ್ಟೇ ಇರಲಿ, ಸಾಗಣೆಯ ದಾಖಲೆಯಾದ ಇ-ವೇ ಬಿಲ್ ಬೇಕೇ ಬೇಕು.

2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಊರನ್ನು ಬಳಸಿಕೊಂಡು ಹೋದಾಗ ಹಳೆಯ ರಸ್ತೆಯ ಗೊಂಬೆ ಅಂಗಡಿಗಳಿಗೆ ಗಿರಾಕಿಗಳು ಕಡಿಮೆಯಾದರು, ಮಾರಾಟವಾಗದ ಸರಕು ಕಪಾಟುಗಳಲ್ಲಿ ಉಳಿಯಿತು. ತಗುಲಿದ ವೆಚ್ಚ ಮತ್ತು ಮಾರಿದರೆ ಕೈಗೆ ಸಿಗಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ದಾಸ್ತಾನಿನ ಮೌಲ್ಯವಾಗಿ ಹಿಡಿಯಬೇಕೆಂಬ ನಿಯಮ ಅಂಥ ಅಂಗಡಿಗೆ ನಿಜವಾದ ಆಸರೆ. ಆದರೆ ಆ ಇಳಿಕೆಯನ್ನು ಅಧಿಕಾರಿ ಒಪ್ಪಬೇಕಾದರೆ, ಯಾವ ಗೊಂಬೆ ಎಷ್ಟು, ಎಂದು ತಯಾರಾದದ್ದು, ಕೊನೆಯ ಸಲ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ಬರೆದ, ತಾರೀಕು ಹಾಕಿದ ಎಣಿಕೆ ಪಟ್ಟಿ ಅಂಗಡಿಯಲ್ಲಿ ಇರಬೇಕು.