ಕರ್ಕ್‌ಲ್ಯಾಂಡ್: ಸರೋವರದ ದಂಡೆಯಲ್ಲಿ ಎರಡು ದೇಶದ ಹುಡುಗರ ಮಾತು

ಕರ್ಕ್‌ಲ್ಯಾಂಡ್ ಅನ್ನೋ ಹೆಸರು ನಮಗಿಂತ ಮೊದಲೇ ನಮ್ಮ ಊರುಗಳಿಗೆ ತಲುಪಿತ್ತು. ಅಮೆರಿಕದಿಂದ ರಜೆಗೆ ಬಂದವರ ಸೂಟ್‌ಕೇಸ್ ಬಿಚ್ಚಿದರೆ ಬಾದಾಮಿ ಪ್ಯಾಕೆಟ್ಟು, ವಿಟಮಿನ್ ಡಬ್ಬಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಈ ಹೆಸರು. ಮಾತ್ರೆ ಖಾಲಿಯಾದ ಮೇಲೆ ಡಬ್ಬಿ ಅಡುಗೆಮನೆ ಸೇರಿ ಸಾಸಿವೆ, ಜೀರಿಗೆ ತುಂಬಿಸಿಕೊಳ್ಳುತ್ತದೆ. ಕಾಸ್ಟ್‌ಕೋ ಕಂಪನಿಯ ಮುಖ್ಯ ಕಚೇರಿ ಹಿಂದೆ ಇದೇ ಊರಲ್ಲಿತ್ತು. 1995ರಲ್ಲಿ ತನ್ನ ಸ್ವಂತ ಸರಕಿಗೆ ಊರಿನ ಹೆಸರಿಟ್ಟರು, ಮರುವರ್ಷ ಕಚೇರಿ ಇಸಾಕ್ವಾ ಊರಿಗೆ ಹೋಯ್ತು. ಹೆಸರು ಮಾತ್ರ ಡಬ್ಬಿ ಮೇಲೆ ಉಳಿದು ಊರೂರು ಸುತ್ತುತ್ತಿದೆ.

ದುಬೈ, ಮಸ್ಕತ್, ಸಿಂಗಪುರದಲ್ಲಿರುವ ನಮ್ಮ ಓದುಗರು ಆಗಾಗ ಕೇಳ್ತಾರೆ: "ಅಲ್ಲಿ ನೀವು ಹುಡುಗರೆಲ್ಲ ಸೇರಿದ್ರೆ ಏನ್ ಮಾತಾಡ್ತೀರಿ? ಬರೀ ಡಾಲರ್ ಲೆಕ್ಕಾನಾ?" ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಅದಕ್ಕೇ ಈ ತಿಂಗಳು ನಮ್ಮ ಊರನ್ನೂ ನಮ್ಮ ಮಾತನ್ನೂ ಒಟ್ಟಿಗೇ ತೋರಿಸೋಣ ಅಂತ ಕೂತಿದ್ದೀವಿ.

ಊರು ಹೀಗಿದೆ

ಸಿಯಾಟಲ್ ನಗರದ ಎದುರು ದಂಡೆಯಲ್ಲಿ, ವಾಷಿಂಗ್ಟನ್ ಸರೋವರದ ಪೂರ್ವಕ್ಕೆ ಕರ್ಕ್‌ಲ್ಯಾಂಡ್ ಇದೆ. ಸರೋವರ ಅಂದ್ರೆ ಸಣ್ಣದಲ್ಲ, ಉದ್ದಕ್ಕೆ ಸುಮಾರು 35 ಕಿಲೋಮೀಟರ್. 1916ರಲ್ಲಿ ಸಮುದ್ರಕ್ಕೆ ಕಾಲುವೆ ತೋಡಿದಾಗ ಇದರ ನೀರಿನ ಮಟ್ಟ ಸುಮಾರು ಒಂಬತ್ತು ಅಡಿ ಇಳಿಯಿತು.

ಊರು ಕಟ್ಟಿದ್ದೂ ವಲಸೆ ಬಂದವನೇ. ಇಂಗ್ಲೆಂಡಿನ ಉಕ್ಕಿನ ಉದ್ಯಮಿ ಪೀಟರ್ ಕರ್ಕ್ 1888ರ ಹೊತ್ತಿಗೆ ಇಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಕಟ್ಟಬೇಕು ಅಂತ ಹೊರಟ. ಜಾಗ ಕೊಂಡರು, ಇಟ್ಟಿಗೆ ಕಟ್ಟಡ ಎಬ್ಬಿಸಿದರು, ಜನ ಬಂದರು. 1893ರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿದವು, ಕಾರ್ಖಾನೆಯಿಂದ ಒಂದು ಕಂಬಿಯೂ ಹೊರಬರಲಿಲ್ಲ. ಕರ್ಕ್ ಕೊನೆಗಾಲಕ್ಕೆ ಸ್ಯಾನ್ ಹುವಾನ್ ದ್ವೀಪಕ್ಕೆ ಹೋಗಿ ನೆಲೆಸಿದ. ಅವನನ್ನು ನಂಬಿ ಬಂದ ಜನ ಬೇರೆ ಕೆಲಸ ಹಿಡಿದು ಇಲ್ಲೇ ಉಳಿದರು, 1905ರಲ್ಲಿ ಊರು ಪುರಸಭೆಯಾಯ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಹೌಟನ್ ದಂಡೆಯಲ್ಲಿ ಸಾವಿರಾರು ಜನ ಹಡಗು ಕಟ್ಟುತ್ತಿದ್ದರು. ಅದೇ ಜಾಗದಲ್ಲಿ ಈಗ ಕಚೇರಿ, ಹೋಟೆಲು, ದೋಣಿಕಟ್ಟೆ ಇರುವ ಕ್ಯಾರಿಲನ್ ಪಾಯಿಂಟ್. ಹಳೇ ರೈಲು ಹಳಿ ಕಿತ್ತ ದಾರಿಯನ್ನು ನಗರಸಭೆ 2012ರಲ್ಲಿ ಕೊಂಡು ನಡಿಗೆಗೂ ಸೈಕಲ್ಲಿಗೂ ಬಿಟ್ಟಿದೆ. ಆರು ಮೈಲಿಗೆ ಸ್ವಲ್ಪ ಕಮ್ಮಿ ಇರುವ ಆ ದಾರಿ ಗೂಗಲ್ ಕಚೇರಿಗಳ ನಡುವೆಯೇ ಹಾದುಹೋಗುತ್ತದೆ.

ಇಲ್ಲಿ ದುಡಿಯೋರು ಸಾಫ್ಟ್‌ವೇರ್ ಹುಡುಗರು ಮಾತ್ರ ಅಂದ್ಕೋಬೇಡಿ. 2020ರ ಫೆಬ್ರವರಿ ಕೊನೆಯಲ್ಲಿ ಈ ಊರಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಕೋವಿಡ್ ಹಬ್ಬಿ ಅಮೆರಿಕವೆಲ್ಲ ಇತ್ತ ನೋಡಿತು. ಅಂಥ ಕೇಂದ್ರಗಳಲ್ಲಿ ಹಾಸಿಗೆ ಬದಲಿಸೋರು, ಮಾತ್ರೆ ಕೊಡೋರು, ಸ್ನಾನ ಮಾಡಿಸೋರು ಯಾರು ಅಂತ ನೋಡಿದರೆ ಅಲ್ಲೂ ಫಿಲಿಪೀನ್ಸ್, ಇಥಿಯೋಪಿಯಾ, ನೈಜೀರಿಯಾ, ಭಾರತದ ಮುಖಗಳೇ.

ಜಪ ಅಲ್ಲ, ಜಪಾ

ನಮ್ಮ ಶನಿವಾರದ ನಡಿಗೆಯ ಗುಂಪಿನಲ್ಲಿ ಹಾಸನ, ದಾವಣಗೆರೆ, ಪುತ್ತೂರಿನವರ ಜೊತೆ ನೈಜೀರಿಯಾದ ಇಬ್ಬರು ಇದ್ದಾರೆ. ಒಬ್ಬಾಕೆ ಇಬಾದಾನ್ ಊರಿನ ನರ್ಸ್, ಇನ್ನೊಬ್ಬ ಲೇಗೋಸ್‌ನಿಂದ ಓದಲು ಬಂದು ಈಗ ಕೆಲಸಕ್ಕೆ ಸೇರಿರುವ ಹುಡುಗ. ಮರೀನಾ ಪಾರ್ಕಿನಿಂದ ಹೊರಟು ಮಾರ್ಕೆಟ್ ಸ್ಟ್ರೀಟ್ ಏರು ಹತ್ತಿ, ಜುವಾನಿಟಾ ಬೇ ಪಾರ್ಕಿನ ಮರದ ಸೇತುವೆವರೆಗೆ ಹೋಗ್ತೀವಿ. ಮೊದಲ ದಿನ ಆ ಹುಡುಗ "ನಮ್ಮ ಓರಗೆಯವರ ಬಾಯಲ್ಲಿ ಸದಾ ಜಪಾ, ಜಪಾ" ಅಂದಾಗ ನಾವು ಭಕ್ತಿ ಅಂದ್ಕೊಂಡ್ವಿ. ದಾವಣಗೆರೆಯವ "ನಮ್ಮಜ್ಜೀನೂ ದಿನಾ ಮಾಡ್ತಿದ್ಳು" ಅಂದುಬಿಟ್ಟ! ಯೊರುಬಾ ಭಾಷೆಯಲ್ಲಿ ಜಪಾ ಅಂದ್ರೆ ಓಡಿ ಪಾರಾಗು ಅಂತ. ದೇಶ ಬಿಟ್ಟು ಹೊರಗೆ ದಾರಿ ಹುಡುಕೋದಕ್ಕೆ ಅಲ್ಲಿನ ಯುವಕರು ಇಟ್ಟ ಹೆಸರು ಅದು. ನಾವು ಮಣಿ ಹಿಡಿಯದೆ 'ವೀಸಾ, ವೀಸಾ' ಅಂತ ಮಾಡೋದೂ ಅದೇ ಜಪ ಅಲ್ವಾ ಅಂತ ನಕ್ಕಿದ್ದಾಯ್ತು.

ಓಡೋದಕ್ಕೆ ಕಾರಣ ಕೇಳಿದರೆ ಅವನು ಎರಡೇ ಸಂಗತಿ ಹೇಳಿದ. ಒಂದು ಓದು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ಅಧ್ಯಾಪಕರು 2022ರಲ್ಲಿ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಎಂಟು ತಿಂಗಳು ಮುಷ್ಕರ ಹೂಡಿದರು, ನಾಲ್ಕು ವರ್ಷದ ಡಿಗ್ರಿ ಯಾವಾಗ ಮುಗಿಯುತ್ತೆ ಅಂತ ಯಾರೂ ಹೇಳೋಹಾಗಿರಲಿಲ್ಲ. ಇನ್ನೊಂದು ದುಡ್ಡು. 2023ರ ಜೂನಿಗೆ ಮೊದಲು ಡಾಲರಿಗೆ ಸುಮಾರು 460 ನೈರಾ ಇತ್ತು. ಸರ್ಕಾರ ಹಿಡಿತ ಬಿಟ್ಟ ಮೇಲೆ ಒಂದು ವರ್ಷದಲ್ಲಿ 1,500ರ ಆಸುಪಾಸಿಗೆ ಹೋಯ್ತು. ಸಂಬಳ ಅಷ್ಟೇ, ಅಕ್ಕಿ ಬೆಲೆ ಎಲ್ಲೋ. ಇದನ್ನು ಕೇಳಿ ನಮ್ಮ ಹಾಸನದ ಹುಡುಗಿ ತನ್ನ ತಮ್ಮನ ಕಥೆ ತೆಗೆದಳು. ಸರ್ಕಾರಿ ನೇಮಕಾತಿ ಪರೀಕ್ಷೆಗೆ ಅಂತ ಧಾರವಾಡದಲ್ಲಿ ರೂಮ್ ಮಾಡಿ ಮೂರು ವರ್ಷ ಆಯ್ತು, ಪರೀಕ್ಷೆ ಮುಂದಕ್ಕೆ ಹೋಗ್ತಾನೇ ಇದೆ, ಅವನ ರೂಮಿನ ಬಾಡಿಗೆ ಇಲ್ಲಿಂದ ಇವಳೇ ಕಳಿಸ್ತಾಳೆ.

ಕರೆಂಟಿನ ಮಾತಿನಲ್ಲಂತೂ ನಾವು ಅಣ್ಣತಮ್ಮಂದಿರು. ಹೋದ ಕರೆಂಟ್ ಬಂದ ತಕ್ಷಣ ಅಲ್ಲಿ ಇಡೀ ಬೀದಿಯ ಮಕ್ಕಳು "ಅಪ್ ನೇಪಾ!" ಅಂತ ಕೂಗ್ತಾರಂತೆ. ನೇಪಾ ಅನ್ನೋದು ಅವರ ಹಳೇ ವಿದ್ಯುತ್ ಮಂಡಳಿ. ಅದರ ಹೆಸರು 2005ರಲ್ಲೇ ಹೋಯ್ತು, 2013ರಲ್ಲಿ ಹಂಚಿಕೆ ಖಾಸಗಿಯವರ ಪಾಲಾಯ್ತು, ಜನ ಇವತ್ತೂ ನೇಪಾ ಅಂತಾನೇ ಬೈಯೋದು. ನಮ್ಮಲ್ಲೂ ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಆಯ್ತು, 2002ರಲ್ಲಿ ಬೆಸ್ಕಾಂ, ಮೆಸ್ಕಾಂ ಬಂದವು. ಹಳ್ಳಿಯಲ್ಲಿ ಈಗಲೂ "ಕೆಇಬಿಯವ್ರು ಬಂದಿದ್ರು" ಅಂತಾರೆ. ತ್ರೀ ಫೇಸ್ ಬಂತು ಅಂತ ನಡುರಾತ್ರಿ ಎದ್ದು ಪಂಪ್‌ಸೆಟ್ ಹಾಕೋಕೆ ಹೋದ ಅಪ್ಪಂದಿರ ಮಕ್ಕಳೇ ನಾವು. ಅವರು ಜನರೇಟರ್ ಸದ್ದಿನಲ್ಲಿ ಪರೀಕ್ಷೆಗೆ ಓದಿದವರು.

ಫೋನಿನ ಹೊತ್ತು ಮಾತ್ರ ಬೇರೆ. ಚಳಿಗಾಲದಲ್ಲಿ ನಮಗೂ ಊರಿಗೂ ಹದಿಮೂರೂವರೆ ಗಂಟೆ ಅಂತರ, ಅವರಿಗೆ ಒಂಬತ್ತು. ಇಲ್ಲಿ ಬೆಳಗ್ಗೆ ಹತ್ತಕ್ಕೆ ಅಲ್ಲಿ ಸಂಜೆ ಏಳು, ಅವರು ನಡೆಯುತ್ತಲೇ ಮನೆಗೆ ಫೋನ್ ಮಾಡ್ತಾರೆ. ನಾವು ರಾತ್ರಿ ಎಂಟಕ್ಕೆ ಮಾಡಿದರೆ ಅಮ್ಮನಿಗೆ ಬೆಳಗಿನ ಒಂಬತ್ತೂವರೆ, ತಿಂಡಿ ಮುಗಿದಿರುತ್ತೆ. "ಮದುವೆ ಯಾವಾಗ?" ಅನ್ನೋ ಪ್ರಶ್ನೆ ಎರಡೂ ಕಡೆ ತಪ್ಪದೆ ಬರುತ್ತೆ, ಅದೂ ಚಿಕ್ಕಮ್ಮಂದಿರಿಂದಲೇ.

ಸಾಪಾ ಅನ್ನೋ ಮಾತು, ಮತ್ತೆ 60 ದಿನ

ಚಿಂತೆ ಒಂದೇ ಆದ್ರೂ ಹೇಳೋ ರೀತಿಯಲ್ಲಿ ಅವರಿಗೂ ನಮಗೂ ದೊಡ್ಡ ವ್ಯತ್ಯಾಸ ಕಂಡಿತು. ಕೈಯಲ್ಲಿ ಕಾಸಿಲ್ಲದ ಸ್ಥಿತಿಗೆ ನೈಜೀರಿಯಾದ ಹುಡುಗರು 'ಸಾಪಾ' ಅಂತಾರೆ. ಅದು ಬಾಗಿಲು ತಟ್ಟಿ ಒಳಗೆ ಬರೋ ನೆಂಟನೋ ಅನ್ನೋಹಾಗೆ "ಈ ವಾರ ಸಾಪಾ ಹಿಡ್ಕೊಂಡಿದೆ" ಅಂತ ಎಲ್ಲರ ಮುಂದೆ ನಗುತ್ತಾ ಹೇಳ್ತಾರೆ. ಹೇಳಿದ ತಕ್ಷಣ ಒಬ್ಬರು ಊಟಕ್ಕೆ ಕರೀತಾರೆ, ಇನ್ನೊಬ್ಬರು ಕೆಲಸದ ಸುದ್ದಿ ಕೊಡ್ತಾರೆ. ನಮ್ಮವರು "ಸ್ವಲ್ಪ ಟೈಟು ಮಾರಾಯ" ಅಂತ ಅರ್ಧ ಹೇಳಿ ಮಾತು ತೇಲಿಸಿಬಿಡ್ತಾರೆ. ಇನ್ನುಳಿದ ಅರ್ಧ ಮರ್ಯಾದೆಯ ಕೆಳಗೆ ಮುಚ್ಚಿಹೋಗುತ್ತೆ.

ಈ ಮುಚ್ಚಿಡೋದಕ್ಕೆ ಇಲ್ಲಿ ಬೆಲೆ ತೆರಬೇಕು. ಎಚ್-1ಬಿ ವೀಸಾದವರ ಕೆಲಸ ಹೋದರೆ ಸಿಗೋದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಯಿಸಲು ನಾವು ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ನಮ್ಮ ಗುಂಪಿನ ಒಬ್ಬನ ಕೆಲಸ ಹೋದಾಗ ಅವನು ಯಾರಿಗೂ ಹೇಳಲಿಲ್ಲ. ದಿನಾ ಬೆಳಗ್ಗೆ ಬ್ಯಾಗ್ ಹಾಕ್ಕೊಂಡು ಹೊರಟು ಲೈಬ್ರರಿಯಲ್ಲಿ ಕೂತು ಸಂಜೆ ಮನೆಗೆ ಬರ್ತಿದ್ದ. ಊರಲ್ಲಿ ಮನೆ ಕಟ್ಟಿಸ್ತಾ ಇದ್ರು, ಅಪ್ಪ ಸಿಮೆಂಟಿನ ಲೆಕ್ಕ ಕಳಿಸ್ತಾ ಇದ್ರು, ಇವನು ಉಳಿಸಿದ್ದನ್ನು ಕಳಿಸ್ತಾನೇ ಇದ್ದ. ಇಪ್ಪತ್ತಮೂರನೇ ದಿನ, ಜುವಾನಿಟಾ ಸೇತುವೆ ಮೇಲೆ ಆಮೆ ನೋಡ್ತಾ ನಿಂತಿದ್ದಾಗ, ಲೇಗೋಸ್ ಹುಡುಗ ಸುಮ್ಮನೆ ಕೇಳಿದ: "ಸಾಪಾನಾ?" ಇವನು ಹೂಂ ಅಂದ. ಅಷ್ಟೇ ಸಾಕಾಯ್ತು. ಅವತ್ತೇ ನಾಲ್ಕು ಜನ ತಮ್ಮ ತಮ್ಮ ಕಚೇರಿಯಲ್ಲಿ ಅವನ ಹೆಸರು ಕೊಟ್ಟರು, ಒಬ್ಬರು ವಕೀಲರ ನಂಬರ್ ಕೊಟ್ಟರು. ಐವತ್ತೊಂದನೇ ದಿನ ಹೊಸ ಕಂಪನಿಯ ಅರ್ಜಿ ಹೋಯ್ತು. ಒಂಬತ್ತು ದಿನ ಉಳಿದಿತ್ತು. ಆ ಇಪ್ಪತ್ತಮೂರು ದಿನ ಮೊದಲೇ ಸಿಕ್ಕಿದ್ದರೆ ಅಷ್ಟು ರಾತ್ರಿ ನಿದ್ದೆಗೆಡಬೇಕಿರಲಿಲ್ಲ.

ಹೋಗೋದೋ, ಬೇಡವೋ

ಎಲ್ಲಕ್ಕಿಂತ ಕೊನೆಗೆ, ದನಿ ತಗ್ಗಿಸಿ ಆಡೋ ಮಾತು ಊರಿಗೆ ಹೋಗೋದು. ಗಲ್ಫ್‌ನಲ್ಲಿ ಎಕ್ಸಿಟ್-ರೀಎಂಟ್ರಿ ಪತ್ರ ಗೊತ್ತಿರೋರಿಗೆ ಇದು ಬೇಗ ಅರ್ಥವಾಗುತ್ತೆ. ಪಾಸ್‌ಪೋರ್ಟಿನ ವೀಸಾ ಮುದ್ರೆ ಮುಗಿದಿದ್ದರೂ ಅನುಮತಿ ಇರೋವರೆಗೆ ಇಲ್ಲೇ ಇದ್ದು ದುಡಿಯಬಹುದು. ಹೊರಗೆ ಹೋದರೆ ಮಾತ್ರ ಮತ್ತೆ ಸಂದರ್ಶನ ಮುಗಿಸಿ ಮುದ್ರೆ ಹಾಕಿಸದೆ ವಾಪಸ್ ಬರೋಹಾಗಿಲ್ಲ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ವೀಸಾ ಸೇವೆ ಇರಲಿಲ್ಲ, ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಹೋಗೋದೇ ರೂಢಿ. 2025ರ ಡಿಸೆಂಬರಿನಲ್ಲಿ ಎಚ್-1ಬಿ ಅರ್ಜಿದಾರರ ಸಾಮಾಜಿಕ ಜಾಲತಾಣದ ಪರಿಶೀಲನೆ ಶುರುವಾಗಿ, ಊರಿಗೆ ಹೋಗಿದ್ದ ಎಷ್ಟೋ ಜನರ ಸಂದರ್ಶನದ ದಿನ ತಿಂಗಳುಗಟ್ಟಲೆ ಮುಂದಕ್ಕೆ ಹೋಯ್ತು. ನೈಜೀರಿಯಾದವರ ಬಹುತೇಕ ತಾತ್ಕಾಲಿಕ ವೀಸಾಗಳನ್ನು 2025ರ ಜುಲೈನಲ್ಲಿ ಮೂರು ತಿಂಗಳಿಗೆ, ಒಂದೇ ಸಲದ ಪ್ರವೇಶಕ್ಕೆ ಇಳಿಸಿದರು. ಆಮೇಲೆ ನಿಯಮ ಇನ್ನೂ ಬಿಗಿಯಾಗಿದೆ.

ದಾವಣಗೆರೆ ಗೆಳೆಯನ ಅಪ್ಪನಿಗೆ ಬೈಪಾಸ್ ಆಪರೇಷನ್ ಗೊತ್ತಾದಾಗ ನಾವೆಲ್ಲ ಅವನ ಮನೆಯಲ್ಲಿ ಸೇರಿದ್ವಿ. ಅಪ್ಪ ಬಾ ಅನ್ನಲಿಲ್ಲ, ಬರಬೇಡ ಅಂತಲೂ ಅನ್ನಲಿಲ್ಲ. "ನಿಂಗೆ ಹೆಂಗ್ ಅನುಕೂಲನೋ ಹಂಗ್ ಮಾಡಪ್ಪ" ಅಂದ್ರು. ಆ ಒಂದು ಮಾತು ಹೊತ್ತು ನಿಲ್ಲೋದು ಕಷ್ಟ. ಇಬಾದಾನಿನ ನರ್ಸ್ ಆಸ್ಪತ್ರೆ ಕಾಗದಗಳನ್ನು ಫೋನಿನಲ್ಲಿ ಓದಿ, ಯಾವ ಸಾಲಿಗೆ ಏನರ್ಥ, ಡಾಕ್ಟರಿಗೆ ಯಾವ ಐದು ಪ್ರಶ್ನೆ ಕೇಳಬೇಕು ಅಂತ ಬರೆದುಕೊಟ್ಟಳು. ಅದನ್ನು ಕನ್ನಡಕ್ಕೆ ಮಾಡಿ ಅವನ ಅಕ್ಕನಿಗೆ ಕಳಿಸಿದ್ವಿ. ಲೇಗೋಸ್ ಹುಡುಗ ತಡರಾತ್ರಿವರೆಗೆ ಕೂತಿದ್ದ. ಅವನ ಅಜ್ಜಿಯ ಅಂತ್ಯಕ್ರಿಯೆಯನ್ನು ಅವನು ವಿಡಿಯೋದಲ್ಲೇ ನೋಡಿದ್ದು ಅಂತ ನಮಗೆ ತಿಳಿದದ್ದು ಅವತ್ತೇ. "ಹೋಗು" ಅಂತಲೂ "ಇರು" ಅಂತಲೂ ಅವನು ಹೇಳಲಿಲ್ಲ. ಗೆಳೆಯ ಕೊನೆಗೆ ಹೋದ. ಅಪ್ಪ ಚೇತರಿಸಿಕೊಂಡರು. ಇವನು ಮುದ್ರೆಗಾಗಿ ಕಾಯುತ್ತಾ ದಾವಣಗೆರೆಯಿಂದಲೇ ಫೋನ್ ಮಾಡ್ತಾನೆ, ಸಂಬಳವಿಲ್ಲದ ರಜೆ ಮೂರನೇ ತಿಂಗಳಿಗೆ ಬಿದ್ದಿದೆ. "ಹೋಗಿದ್ದಕ್ಕೆ ಬೇಜಾರಿಲ್ಲ, ಅಪ್ಪನ ಕೈ ಹಿಡ್ಕೊಂಡು ಬಾತ್‌ರೂಮಿಗೆ ಕರ್ಕೊಂಡ್ ಹೋದೆ" ಅಂದ. ಅವನ ಬಾಡಿಗೆ ಪಾಲನ್ನು ಸದ್ಯ ನಾವು ಐದು ಜನ ಹಂಚಿಕೊಂಡಿದ್ದೀವಿ.

ಬರೋರಿಗೆ ನಾಲ್ಕು ಮಾತು

ಕರ್ಕ್‌ಲ್ಯಾಂಡಿಗೆ ಹೊಸದಾಗಿ ಬರೋರು 255ನೇ ನಂಬರ್ ಬಸ್ ನೆನಪಿಟ್ಟುಕೊಳ್ಳಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ರೈಲು ನಿಲ್ದಾಣದಿಂದ ಇಲ್ಲಿಗೆ ಬರುತ್ತೆ. ಡಿಸೆಂಬರಲ್ಲಿ ಸಂಜೆ ನಾಲ್ಕೂ ಇಪ್ಪತ್ತರ ಹೊತ್ತಿಗೇ ಸೂರ್ಯ ಮುಳುಗ್ತಾನೆ, ತಿಂಗಳುಗಟ್ಟಲೆ ಮೋಡ. ಒಬ್ಬರೇ ರೂಮಿನಲ್ಲಿ ಕೂರಬೇಡಿ, ಮಳೆ ಕೋಟು ಹಾಕ್ಕೊಂಡು ಹೊರಗೆ ಬನ್ನಿ. ಒಂದು ಬೆಡ್‌ರೂಮಿನ ಮನೆಗೆ ಎರಡು ಸಾವಿರ ಡಾಲರ್ ದಾಟುತ್ತೆ, ಹಂಚಿಕೊಂಡು ಇರೋದೇ ಜಾಣತನ. ಊರಿನ ಜಮೀನು, ಬ್ಯಾಂಕಿನ ಕೆಲಸಕ್ಕೆ ಮುಖ್ತಿಯಾರು ಪತ್ರ ಬೇಕಾದರೆ 2023ರ ಕೊನೆಗೆ ಸಿಯಾಟಲ್‌ನಲ್ಲೇ ಭಾರತದ ಕಾನ್ಸುಲೇಟ್ ಶುರುವಾಗಿದೆ. ಅದಕ್ಕೂ ಮೊದಲು ಸ್ಯಾನ್ ಫ್ರಾನ್ಸಿಸ್ಕೋವನ್ನು ನೆಚ್ಚಬೇಕಿತ್ತು. ನಮ್ಮ ನೈಜೀರಿಯಾ ಗೆಳೆಯರು ಈಗಲೂ ನ್ಯೂಯಾರ್ಕ್, ಅಟ್ಲಾಂಟಾ ಅಂತ ದೂರ ನೋಡಬೇಕು. ವೀಸಾ ಮುದ್ರೆ ಮುಗಿಯೋ ದಿನ, ಅನುಮತಿ ಮುಗಿಯೋ ದಿನ, ಎರಡನ್ನೂ ಬರೆದು ಗೋಡೆಗೆ ಅಂಟಿಸಿ. ಮನೆಯಲ್ಲಿ ಕಾಯಿಲೆಯ ತುರ್ತು ಇದ್ದರೆ ಸಂದರ್ಶನದ ದಿನ ಹಿಂದಕ್ಕೆ ಕೊಡಿ ಅಂತ ಕಾನ್ಸುಲೇಟಿಗೆ ಕೋರಿಕೆ ಸಲ್ಲಿಸಬಹುದು, ಆಸ್ಪತ್ರೆ ಕಾಗದ ಜೋಪಾನವಾಗಿಡಿ.

ಕೆಲಸ ಹೋದರೆ ಮೊದಲ ದಿನವೇ ಒಬ್ಬರಿಗಾದರೂ ಹೇಳಿ. ಹೇಳೋಕೆ ಮಾತು ಸಿಗದಿದ್ದರೆ 'ಸಾಪಾ' ಅನ್ನಿ ಸಾಕು, ನಮ್ಮ ಗುಂಪಿನಲ್ಲಿ ಈಗ ಎಲ್ಲರಿಗೂ ಅರ್ಥ ಗೊತ್ತು. ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಮರೀನಾ ಪಾರ್ಕಿನ ಹತ್ತಿರ ಇರ್ತೀವಿ. ಫ್ಲಾಸ್ಕಿನಲ್ಲಿ ಕಾಫಿ ನಮ್ಮದು, ಚಕ್ಕುಲಿ ಇದ್ದರೆ ನೀವು ತನ್ನಿ.