ಕೊಡಚಾದ್ರಿಯ ಜೀಪು: ಹತ್ತಿದ ಮೇಲೆ ಇಳಿಯುವುದೂ ಇದೆ

ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನ ಮುಗಿಸಿ ಹೊರಬಂದವರ ಕಿವಿಗೆ ಬೀಳುವುದು ‘ಕೊಡಚಾದ್ರಿ, ಕೊಡಚಾದ್ರಿ’ ಎಂಬ ಕೂಗು. ತುಂಬುವಷ್ಟು ಜನ ಸೇರಿದರೆ ಜೀಪು ಹೊರಟಿತೆಂದೇ ಲೆಕ್ಕ. ಘಾಟಿ ಹತ್ತಿ, ನಾಗೋಡಿ, ಸಂಪೆಕಟ್ಟೆ ದಾಟಿ ಕಟ್ಟಿನಹೊಳೆ ತಲುಪುವವರೆಗೆ ಪ್ರಯಾಣದಲ್ಲಿ ಅಂಥ ವಿಶೇಷವೇನಿಲ್ಲ. ಕಾಡು, ಅಡಿಕೆ ತೋಟ, ಗದ್ದೆ, ಮತ್ತೆ ಕಾಡು. ಹಿಂದೆ ಕುಳಿತ ಹುಡುಗರು ಹಾಡು ಹೇಳುತ್ತಿರುತ್ತಾರೆ. ಕಟ್ಟಿನಹೊಳೆ ದಾಟಿದ ಮೇಲೆ ಹಾಡು ತಾನಾಗಿಯೇ ನಿಲ್ಲುತ್ತದೆ. ಕೈಗೆ ಸಿಕ್ಕ ಕಂಬಿಯನ್ನು ಹಿಡಿದುಕೊಳ್ಳುವುದೇ ದೊಡ್ಡ ಕೆಲಸವಾಗುತ್ತದೆ.

ಅಲ್ಲಿಂದ ಮೇಲಕ್ಕೆ ಸುಮಾರು ಹತ್ತು ಕಿಲೋಮೀಟರು. ಅದನ್ನು ರಸ್ತೆ ಎನ್ನುವುದು ಮರ್ಯಾದೆಯ ಮಾತು. ಕೆಮ್ಮಣ್ಣಿನಲ್ಲಿ ಮಳೆನೀರು ಕೊರೆದ ಕೊರಕಲು, ಅದರ ನಡುವೆ ತಲೆ ಎತ್ತಿದ ಬಂಡೆ, ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಕಣಿವೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿಗೆ ಸೇರಿದ ಈ ಬೆಟ್ಟದ ಎತ್ತರ 1343 ಮೀಟರ್. ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಜೀಪು ನಿಲ್ಲುತ್ತದೆ. ಶಂಕರಾಚಾರ್ಯರು ತಪಸ್ಸು ಮಾಡಿದರೆಂದು ಜನ ನಂಬುವ ಸರ್ವಜ್ಞಪೀಠಕ್ಕೆ ಅಲ್ಲಿಂದ ನಡೆದೇ ಹೋಗಬೇಕು. ಗುಡಿಯ ಮುಂದೆ ಹಳೆಯ ಕಾಲದ ಎತ್ತರದ ಕಬ್ಬಿಣದ ಕಂಬವೊಂದಿದೆ. ಕಡಲ ಗಾಳಿಗೂ ಮಲೆನಾಡಿನ ಮಳೆಗೂ ಅದು ಜಗ್ಗದೆ ನಿಂತಿರುವುದನ್ನು ಕಂಡು ಲೋಹಶಾಸ್ತ್ರದವರೂ ಕುತೂಹಲಪಟ್ಟಿದ್ದಾರೆ. ಪಕ್ಕದಲ್ಲೇ ನಿಂತ ಜೀಪುಗಳಿಗೆ ಆ ಭಾಗ್ಯವಿಲ್ಲ. ಎರಡು ಮಳೆಗಾಲ ಕೈಬಿಟ್ಟರೆ ಅವುಗಳ ತಳ ತುಕ್ಕು ಹಿಡಿದು ಹಪ್ಪಳವಾಗುತ್ತದೆ.

ಹೀಗಿದ್ದೂ ಇಲ್ಲಿ ಓಡುವ ಜೀಪುಗಳಲ್ಲಿ ಅನೇಕವು ಹಳೆಯವು. ಕಮಾಂಡರ್, ಮೇಜರ್ ಮುಂತಾದ ಆ ಮಾದರಿಗಳು ಕಾರ್ಖಾನೆಯಿಂದ ಬರುವುದು ನಿಂತು ವರ್ಷಗಳೇ ಆದವು. ಅವು ಇನ್ನೂ ಬೆಟ್ಟ ಹತ್ತುತ್ತಿವೆಯೆಂದರೆ ಅದರ ಹಿಂದೆ ಮಾಲೀಕರ ದಿನನಿತ್ಯದ ದುಡಿಮೆ ಇದೆ. ಶೈಕ್ಷಣಿಕ ಪ್ರವಾಸಕ್ಕೆಂದು ಮಕ್ಕಳನ್ನು ಕಳಿಸುವ ಹೆತ್ತವರು ಈ ದುಡಿಮೆಯ ವಿಷಯ ಸ್ವಲ್ಪ ತಿಳಿದಿರುವುದು ಒಳ್ಳೆಯದು. ಭೌತಶಾಸ್ತ್ರ ಓದುವ ಹುಡುಗರಿಗಂತೂ ಇಲ್ಲಿ ಒಂದು ವರ್ಷದ ಪಾಠವೇ ಉಂಟು.

ಮೂವತ್ತೇಳು ಸುತ್ತು

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೈನ್ಯ 135 ಕಂಪೆನಿಗಳಿಗೆ ಪತ್ರ ಬರೆದು, 49 ದಿನಗಳಲ್ಲಿ ಮೊದಲ ಗಾಡಿ ಬೇಕೆಂದಿತು. ಬಾಂಟಮ್ ಎಂಬ ಸಣ್ಣ ಕಂಪೆನಿ ಅದನ್ನು ಮಾಡಿ ತೋರಿಸಿತಾದರೂ, ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವರು ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳವರು. ನಮ್ಮಲ್ಲಿ ಮಹೀಂದ್ರದವರು 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಆಮೇಲೆ ಡೀಸೆಲ್ ಎಂಜಿನ್ ಬಂತು, ಉದ್ದ ಹೆಚ್ಚಿತು, ಹಿಂದೆ ಎದುರುಬದುರು ಸೀಟು ಬಂತು. ಆದರೆ ಹೊಟ್ಟೆಯೊಳಗಿನ ವ್ಯವಸ್ಥೆ ಹೆಚ್ಚೇನೂ ಬದಲಾಗಲಿಲ್ಲ.

ಆ ವ್ಯವಸ್ಥೆಯ ಗುಟ್ಟು ಗೇರಿನ ಕೋಲಿನ ಪಕ್ಕದಲ್ಲಿರುವ ಎರಡು ಗಿಡ್ಡ ಕೋಲುಗಳಲ್ಲಿದೆ. ಒಂದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹೋಗುತ್ತದೆ. ಇನ್ನೊಂದನ್ನು ಎಳೆದರೆ ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ, ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ. ಇದಕ್ಕೆ ‘ಲೋ’ ಎನ್ನುತ್ತಾರೆ. ಹಳೆಯ ಸಿ.ಜೆ. 3ಬಿ ಜೀಪಿನ ಲೆಕ್ಕ ನೋಡಿ. ಮೊದಲ ಗೇರಿನಲ್ಲಿ 2.8, ಲೋನಲ್ಲಿ 2.46, ಚಕ್ರಗಳ ನಡುವಿನ ಹಲ್ಲುಚಕ್ರದಲ್ಲಿ 5.38. ಮೂರನ್ನೂ ಗುಣಿಸಿದರೆ 37. ಎಂದರೆ ಎಂಜಿನ್ 37 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತದೆ. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತಿದ್ದರೆ ಜೀಪಿನ ವೇಗ ಗಂಟೆಗೆ ನಾಲ್ಕು ಕಿಲೋಮೀಟರಿಗೂ ಕಡಿಮೆ. ಅಜ್ಜನೊಬ್ಬ ಕೋಲೂರಿಕೊಂಡು ನಡೆಯುವಷ್ಟು. ಕೊಡಚಾದ್ರಿಯ ಬಂಡೆಗಳಿಗೆ ಬೇಕಾದದ್ದು ಈ ನಡಿಗೆಯೇ. ರಭಸದಿಂದ ನುಗ್ಗಿಸುವವನು ಒಳ್ಳೆಯ ಚಾಲಕನೆಂಬುದು ಸಿನಿಮಾ ನೋಡಿ ಹುಟ್ಟಿದ ತಿಳಿವಳಿಕೆ.

ಮೊದಲ ಕೋಲನ್ನು ಎಳೆಯದೆ ಎರಡನೆಯದನ್ನು ಎಳೆಯಲು ಈ ಹಳೆಯ ಜೀಪುಗಳಲ್ಲಿ ಬರುವುದಿಲ್ಲ. ಅಷ್ಟೂ ಬಲ ಹಿಂದಿನ ಚಕ್ರಗಳ ಮೇಲೆಯೇ ಬಿದ್ದರೆ ಅಚ್ಚು ಮುರಿದೀತೆಂದು ಮಾಡಿದ ಏರ್ಪಾಡು ಅದು. ಇನ್ನೊಂದು ತಮಾಷೆಯ ‘ರಿಪೇರಿ’ಯೂ ಉಂಟು. ಕೋಲು ಎಳೆದಿದೆ, ಆದರೂ ಮುಂದಿನ ಚಕ್ರಗಳು ಎಳೆಯುತ್ತಿಲ್ಲ. ಹೊಸಬನಾದರೆ ಗೇರುಪೆಟ್ಟಿಗೆ ಕೆಟ್ಟಿತೆಂದು ಗಾಬರಿಯಾಗುತ್ತಾನೆ. ಅನುಭವಸ್ಥ ಕೆಳಗಿಳಿದು ಮುಂದಿನ ಎರಡೂ ಚಕ್ರಗಳ ಗುಂಬದಲ್ಲಿರುವ ತಿರುಪನ್ನು ಕೈಯಿಂದ ‘ಲಾಕ್’ ಕಡೆಗೆ ತಿರುಗಿಸಿ ಬಂದು ಕೂರುತ್ತಾನೆ. ಟಾರು ರಸ್ತೆಯಲ್ಲಿ ಮುಂದಿನ ಅಚ್ಚು ಸುಮ್ಮನೆ ಸುತ್ತದಿರಲೆಂದು ಅದನ್ನು ಬಿಡಿಸಿಟ್ಟಿದ್ದರು, ಅಷ್ಟೆ.

ನಾಲ್ಕು ಚಕ್ರವಿದ್ದೂ ನಿಂತ ಜೀಪು

ನಾಲ್ಕು ಚಕ್ರಕ್ಕೂ ಶಕ್ತಿಯಿದ್ದ ಮೇಲೆ ಜೀಪು ಸಿಕ್ಕಿಕೊಳ್ಳುವುದು ಹೇಗೆ? ಕೊರಕಲಿನಲ್ಲಿ ಓರೆಯಾಗಿ ಇಳಿದಾಗ ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರ ಗಾಳಿಯಲ್ಲಿ ತೇಲುತ್ತವೆ. ತಿರುವಿನಲ್ಲಿ ಎರಡು ಪಕ್ಕದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲಿ ಎಂದು ಅವುಗಳ ನಡುವೆ ಡಿಫರೆನ್ಷಿಯಲ್ ಇರುತ್ತದಲ್ಲ, ಅದು ಸುಲಭವಾಗಿ ತಿರುಗುವ ಕಡೆಗೇ ಸುತ್ತನ್ನು ಬಿಟ್ಟುಕೊಡುತ್ತದೆ. ತೇಲುವ ಚಕ್ರ ಗಿರಗಿರನೆ ತಿರುಗುತ್ತದೆ, ನೆಲ ಕಚ್ಚಿದ ಚಕ್ರ ಸುಮ್ಮನಿರುತ್ತದೆ. ಆಗ ಆಕ್ಸಿಲರೇಟರ್ ತುಳಿದಷ್ಟೂ ಕೆಸರು ಹಾರುತ್ತದೆಯೇ ಹೊರತು ಜೀಪು ಅಲುಗುವುದಿಲ್ಲ. ಜನರನ್ನು ಇಳಿಸಿ, ತೇಲುವ ಚಕ್ರದಡಿ ಕಲ್ಲು ತುಂಬುವುದೇ ದಾರಿ. ಆಕ್ಸಿಲರೇಟರ್ ಜತೆಗೆ ಬ್ರೇಕನ್ನೂ ಮೆಲ್ಲಗೆ ಒತ್ತಿ ತೇಲುವ ಚಕ್ರವನ್ನು ಹಿಡಿದರೆ ಬಲ ಇನ್ನೊಂದಕ್ಕೆ ಹರಿಯುವುದೂ ಉಂಟು. ಇಳಿಯಿರಿ ಎಂದಾಗ ‘ದುಡ್ಡು ಕೊಟ್ಟಿದ್ದೇವೆ’ ಎಂದು ವಾದಿಸುವ ಪ್ರವಾಸಿಗರಿಗೆ ಈ ಪಾಠವನ್ನು ಅಲ್ಲೇ ಹೇಳಲು ಚಾಲಕನಿಗೆ ಪುರುಸೊತ್ತಿರುವುದಿಲ್ಲ.

ಮಳೆಗಾಲದ ಕಥೆಯೇ ಬೇರೆ. ಇದೇ ಘಟ್ಟಸಾಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಇಂಥ ಮಳೆಯಲ್ಲಿ ಮಲೆನಾಡಿನವರು ಜೀಪಿನ ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತಿ ಓಡಿಸುವುದು ಹಳೆಯ ರೂಢಿ. ಹಳ್ಳ ತುಂಬಿದಾಗ ಮಾತ್ರ ಸರಪಳಿಯೂ ಸಾಲದು. ಗಾಳಿಯೆಳೆಯುವ ಕೊಳವೆಯ ಮಟ್ಟಕ್ಕೆ ನೀರು ಬಂದಿತೋ, ಎಂಜಿನ್ ಗಾಳಿಯ ಬದಲು ನೀರನ್ನೇ ಕುಡಿಯುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪಿಸ್ಟನ್ ಮೇಲೇರಲಾರದೆ ಅದರ ಕನೆಕ್ಟಿಂಗ್ ರಾಡು ಬಾಗುತ್ತದೆ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬಾರದೆನ್ನುವುದು ಇದಕ್ಕೇ. ಒಂದು ಕೀಲಿ ತಿರುಗಿಸಿದ ತಪ್ಪಿಗೆ ಇಡೀ ಎಂಜಿನ್ ಬಿಚ್ಚಬೇಕಾದೀತು. ಹೊಟ್ಟೆಪಾಡಿಗೆ ಜೀಪು ಇಟ್ಟವನಿಗೆ ಅದು ಒಂದು ಸೀಸನ್ನಿನ ಸಂಪಾದನೆಯೇ ಹೋದಂತೆ.

ಕಣ್ಣಿಗೆ ಕಾಣದ ಇನ್ನೊಂದು ಹಾನಿ ಅಚ್ಚಿನ ನಡುವಿನ ಗುಂಡನೆಯ ಗೂಡಿನಲ್ಲಿ ಆಗುತ್ತದೆ. ಮೆಕ್ಯಾನಿಕರು ಅದನ್ನು ‘ಹೌಸಿಂಗ್’ ಎನ್ನುತ್ತಾರೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳದಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಎಣ್ಣೆ ನೀರು ಬೆರೆತು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಆ ಎಣ್ಣೆಯಲ್ಲಿ ಓಡಿದ ಹಲ್ಲುಚಕ್ರ ಬಹಳ ದಿನ ಬಾಳದು. ಕೆಳಗಿನ ಬಿರಡೆಯನ್ನು ಸ್ವಲ್ಪ ಸಡಿಲಿಸಿ ನಾಲ್ಕು ಹನಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಹಳ್ಳದ ದಂಡೆಯಲ್ಲಿ ಜೀಪು ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಕೂರುವ ಚಾಲಕನನ್ನು ಸೋಮಾರಿ ಎನ್ನಬೇಡಿ. ಆತ ಹೌಸಿಂಗನ್ನು ತಣಿಸುತ್ತಿರುತ್ತಾನೆ.

ಸದ್ದು ಹೇಳುವ ಕಾಯಿಲೆ

ಹಳೆಯ ಜೀಪಿನಲ್ಲಿ ಎಚ್ಚರಿಕೆಯ ದೀಪಗಳು ಕಡಿಮೆ. ಇದ್ದವೂ ಉರಿಯುತ್ತವೆಂಬ ಭರವಸೆಯಿಲ್ಲ. ಹೀಗಾಗಿ ಚಾಲಕರು ಕಿವಿಯನ್ನೇ ನಂಬುತ್ತಾರೆ. ಹೊರಡುವಾಗ ತಳದಲ್ಲಿ ‘ಟಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಸವೆದಿದೆ. ವೇಗಕ್ಕೆ ತಕ್ಕಂತೆ ಗುಬ್ಬಿ ಚಿಲಿಪಿಲಿಗುಟ್ಟಿದ ಹಾಗೆ ಕೇಳಿದರೆ ಅದೇ ಜಾಯಿಂಟಿನಲ್ಲಿ ಗ್ರೀಸ್ ಒಣಗಿದೆ. ಇವತ್ತು ಗ್ರೀಸ್ ಹೊಡೆದರೆ ಕೆಲವು ರೂಪಾಯಿಯಲ್ಲಿ ಮುಗಿಯುತ್ತದೆ. ಬಿಟ್ಟರೆ ಶಾಫ್ಟು ಬೆಟ್ಟದ ಮೇಲೆ ಕಳಚಿ ಬೀಳುತ್ತದೆ. ಆಗಲೂ ಉಪಾಯವಿಲ್ಲದಿಲ್ಲ. ಕಳಚಿದ್ದು ಹಿಂದಿನ ಶಾಫ್ಟಾದರೆ ಅದನ್ನು ಬಿಚ್ಚಿಟ್ಟು, ಮುಂದಿನ ಚಕ್ರಗಳ ಬಲದಲ್ಲೇ ಖಾಲಿ ಜೀಪನ್ನು ಮೆಲ್ಲಗೆ ಕೆಳಗಿಳಿಸುವವರಿದ್ದಾರೆ.

ಡೀಸೆಲ್ ಎಂಜಿನ್ ಕೆಮ್ಮಿ ಕೆಮ್ಮಿ ನಿಂತರೆ ಮೊದಲ ಅನುಮಾನ ಪೈಪಿನಲ್ಲಿ ಗಾಳಿ ಸೇರಿದ್ದರ ಮೇಲೆ. ಓರೆಯಾಗಿ ನಿಂತಾಗ ಟ್ಯಾಂಕಿನ ತಳದ ಡೀಸೆಲ್ ಒಂದು ಮೂಲೆಗೆ ಸರಿದು, ಪೈಪು ಗಾಳಿಯನ್ನೆಳೆದಿರುತ್ತದೆ. ಅರ್ಧ ಟ್ಯಾಂಕಾದರೂ ತುಂಬಿಸದೆ ಬೆಟ್ಟ ಹತ್ತಬಾರದೆನ್ನುವುದು ಇದಕ್ಕಾಗಿಯೇ. ಫಿಲ್ಟರಿನ ತಿರುಪು ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪು ಒತ್ತಿದರೆ ಎಂಜಿನ್ ಮತ್ತೆ ಮಾತಾಡುತ್ತದೆ. ಬಿಸಿ ಏರಿ ರೇಡಿಯೇಟರ್ ಕುದಿಯಿತೆನ್ನಿ. ಅದರ ಜಾಲರಿಯಲ್ಲಿ ಕೆಸರೋ ಹುಲ್ಲಿನ ಬೀಜವೋ ತುಂಬಿದೆಯೇ, ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ ಎಂದು ನೋಡಬೇಕು. ಮುಚ್ಚಳಕ್ಕೆ ಮಾತ್ರ ಕೂಡಲೇ ಕೈ ಹಾಕಬಾರದು, ಕುದಿಯುವ ನೀರು ನೇರ ಮುಖಕ್ಕೆ ಎರಚುತ್ತದೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇಳಿಯುವಾಗ. ಸೂರ್ಯಾಸ್ತ ನೋಡಿ ಜೀಪುಗಳು ಒಂದರ ಹಿಂದೊಂದು ಹೊರಡುತ್ತವೆ. ಕತ್ತಲು, ಮಂಜು, ಮನೆ ಸೇರುವ ಆತುರ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತಾ ಬಂದರೆ ಅದರ ಪಟ್ಟಿ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಎಣ್ಣೆ ಹಳೆಯದಾಗಿದ್ದರೆ ಅದು ವಾತಾವರಣದ ತೇವ ಹೀರಿರುತ್ತದೆ, ಬಿಸಿಗೆ ಬೇಗನೆ ಕುದಿಯುತ್ತದೆ. ಪೈಪಿನಲ್ಲಿ ಆವಿ ತುಂಬಿದ ಮೇಲೆ ಪೆಡಲ್ ತಳಕ್ಕೆ ಹೋದರೂ ಜೀಪು ನಿಲ್ಲುವುದಿಲ್ಲ. ಲೋ ಹಾಕಿ ಮೊದಲ ಅಥವಾ ಎರಡನೇ ಗೇರಿನಲ್ಲಿ ಇಳಿಸಿದರೆ ಎಂಜಿನ್ನೇ ಜೀಪನ್ನು ಹಿಡಿದುಕೊಳ್ಳುತ್ತದೆ. ಬ್ರೇಕಿಗೆ ಆಗಾಗ ಕಾಲು ತಾಗಿಸಿದರೆ ಸಾಕು.

ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಸುವ ಚಾಳಿಯೂ ಕೆಲವರಲ್ಲಿದೆ. ಇದರಷ್ಟು ಅವಿವೇಕ ಇನ್ನೊಂದಿಲ್ಲ. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಪಂಪಿನ ಗವರ್ನರ್ ತಾನೇ ಡೀಸೆಲ್ ನಿಲ್ಲಿಸುತ್ತದೆ. ಉಳಿತಾಯವೆಂದು ಭಾವಿಸಿದ್ದು ಉಳಿತಾಯವೇ ಅಲ್ಲ. ಎಂಜಿನ್ ಆರಿಸಿದರಂತೂ, ಬ್ರೇಕಿಗೆ ನೆರವಾಗುವ ಬೂಸ್ಟರ್ ಇರುವ ಗಾಡಿಗಳಲ್ಲಿ ನಾಲ್ಕೈದು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ.

ಮಕ್ಕಳ ಜತೆ ಹೋಗುವ ಮೇಷ್ಟರುಗಳು, ಹೆತ್ತವರು ‘ಇಳಿಯುವಾಗ ಲೋ ಹಾಕುತ್ತೀಯೇನಪ್ಪಾ’ ಎಂದು ಹೊರಡುವ ಮೊದಲೇ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಒಳ್ಳೆಯ ಚಾಲಕನಿಗೆ ಆ ಪ್ರಶ್ನೆಯಿಂದ ಖುಷಿಯೇ ಆಗುತ್ತದೆ. ಟೈರಿನ ಗುಬುಟು ಸವೆದಿದೆಯೇ, ಸ್ಟೆಪ್ನಿಯಲ್ಲಿ ಗಾಳಿಯಿದೆಯೇ, ಚಕ್ರದ ಒಳಮೈಯಲ್ಲಿ ಎಣ್ಣೆ ಸೋರಿದ ಕಲೆ ಕಾಣುತ್ತದೆಯೇ ಎಂದು ಒಂದು ಸುತ್ತು ಬಂದು ನೋಡಲು ಎರಡು ನಿಮಿಷ ಸಾಕು. ಜೀಪಿನಂತೆ ಕಾಣುವುದೆಲ್ಲ ನಾಲ್ಕು ಚಕ್ರ ಎಳೆಯುವ ಜೀಪಲ್ಲ. ಕಮಾಂಡರಿನಲ್ಲೇ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವವು ಬೇಕಾದಷ್ಟು ಇದ್ದವು. ಇನ್ನು ಹಿಂದಿನ ಮೆಟ್ಟಿಲ ಮೇಲೆ ನೇತಾಡುವ ಹುಡುಗರನ್ನು ಒಳಗೆ ಕೂರಿಸುವುದು ಯಾವ ಚಾಲಕನಿಗೂ ಒಬ್ಬನಿಂದಾಗುವ ಕೆಲಸವಲ್ಲ.

ಟಾರು ರಸ್ತೆ ಸಿಕ್ಕ ಕೂಡಲೇ ಕೋಲುಗಳನ್ನು ಹಿಂದಿನ ಜಾಗಕ್ಕೆ ತರಬೇಕು. ಮುಂದಿನ ಚಕ್ರಗಳು ತಿರುವಿನಲ್ಲಿ ಹೆಚ್ಚು ದೂರ ಕ್ರಮಿಸುತ್ತವೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಟಾರಿನಲ್ಲಿ ಗೇರುಗಳು ಬಿಗಿದುಕೊಳ್ಳುತ್ತವೆ. ಆಗ ಕೋಲು ಜಗ್ಗಿದರೂ ಬರುವುದಿಲ್ಲ. ನಾಲ್ಕು ಮಾರು ಹಿಂದಕ್ಕೆ ಬಿಟ್ಟರೆ ಬಿಗಿ ಸಡಿಲಿ ತಾನೇ ಬರುತ್ತದೆ. ಸುತ್ತಿಗೆಯಿಂದ ಬಡಿಯುವವರೂ ಇದ್ದಾರೆನ್ನಿ.

ಪ್ರವಾಸಿಗರು ಇಳಿದುಹೋದ ಮೇಲೆ ಚಾಲಕನ ಇನ್ನೊಂದು ಪಾಳಿ ಶುರುವಾಗುತ್ತದೆ. ತಳಕ್ಕೆ ನೀರು ಹೊಡೆದು ಕೆಸರು ತೆಗೆಯಬೇಕು, ಇಲ್ಲದಿದ್ದರೆ ಬಿರುಕು ಬಿಟ್ಟ ಸ್ಪ್ರಿಂಗ್ ಪ್ಲೇಟು ಕಣ್ಣಿಗೆ ಬೀಳುವುದಿಲ್ಲ. ಪ್ಲೇಟುಗಳನ್ನು ಅಚ್ಚಿಗೆ ಕಟ್ಟಿದ ಯು ಬೋಲ್ಟುಗಳನ್ನು ಬಿಗಿ ಮಾಡಬೇಕು. ಹಳ್ಳ ದಾಟಿದ ದಿನವಾದರೆ ಜಾಯಿಂಟುಗಳಿಗೆ ಹಳೆಯ ಗ್ರೀಸು ಹೊರಬರುವಷ್ಟು ಹೊಸ ಗ್ರೀಸು ತುಂಬಬೇಕು. ಇದೆಲ್ಲಕ್ಕೂ ಮೊದಲು, ಜೀಪು ನಿಂತ ಕೂಡಲೇ, ಹಳಬರು ಮಾಡುವ ಕೆಲಸವೊಂದಿದೆ. ನಾಲ್ಕು ಚಕ್ರಗಳ ಗುಂಬವನ್ನೂ ಒಂದೊಂದಾಗಿ ಅಂಗೈಯಿಂದ ಮುಟ್ಟುತ್ತಾ ಸುತ್ತು ಬರುತ್ತಾರೆ. ನಾಲ್ಕೂ ಒಂದೇ ಸಮ ಬೆಚ್ಚಗಿದ್ದರೆ ಊಟಕ್ಕೆ ಹೋಗಬಹುದು. ಮೂರು ಬೆಚ್ಚಗಿದ್ದು ಒಂದು ಕೈ ಸುಟ್ಟರೆ, ಒಳಗೆ ಬೇರಿಂಗ್ ಬಿಗಿದಿರಬೇಕು, ಇಲ್ಲವೇ ಬ್ರೇಕ್ ಕಚ್ಚಿಕೊಂಡಿರಬೇಕು. ಆ ಚಕ್ರವನ್ನು ಬಿಚ್ಚಿ ನೋಡುವವರೆಗೆ ಜೀಪು ಬೆಟ್ಟಕ್ಕೆ ಹೊರಡುವುದಿಲ್ಲ. ಮರುದಿನ ಬೆಳಿಗ್ಗೆಯ ಬಾಡಿಗೆ ಪಕ್ಕದವನ ಪಾಲಾಗುತ್ತದೆ.