ಮರುಭೂಮಿಯಲ್ಲಿ ಒಂದು ಒಲೆ

ಅಮೆರಿಕದ ಅರಿಜೋನಾ ಸಂಸ್ಥಾನದ ಪಶ್ಚಿಮದಂಚಿನಲ್ಲಿ, ಮರುಭೂಮಿಯ ನಡುವೆ, ಕ್ವಾರ್ಟ್ಸ್‌ಸೈಟ್ ಎಂಬ ಪುಟ್ಟ ಊರೊಂದಿದೆ. ಬೇಸಗೆಯಲ್ಲಿ ಅಲ್ಲಿ ಬಿಸಿಲಿನದೇ ರಾಜ್ಯಭಾರ. ಚಳಿಗಾಲ ಬಂದಿತೆಂದರೆ, ಉತ್ತರದ ಹಿಮಕ್ಕೆ ಬೆನ್ನು ತಿರುಗಿಸಿದ ಸಾವಿರಾರು ಕುಟುಂಬಗಳು ಗಾಲಿಮನೆಗಳಲ್ಲಿ ಅಲ್ಲಿಗೆ ಬಂದಿಳಿಯುತ್ತವೆ. 1902ರಲ್ಲಿ ತೀರಿಕೊಂಡ ಒಂಟೆಗಾರ ಹಾಜಿ ಅಲಿಯ ಸಮಾಧಿ ಆ ಊರಿನಲ್ಲಿದೆ; ಅದರ ಶಿಖರದ ಮೇಲೊಂದು ಲೋಹದ ಒಂಟೆ. ಇಂದು ಒಂಟೆಯ ಸ್ಥಾನವನ್ನು ಮೋಟಾರು ಆಕ್ರಮಿಸಿದೆ.

ಸಂಜೆಯಾದಂತೆ ಗಾಲಿಮನೆಗಳ ಪಕ್ಕದಲ್ಲಿ ಕಬ್ಬಿಣದ ಜಾಲರಿಯ ಒಲೆಗಳು ಕಾಣಿಸಿಕೊಳ್ಳುತ್ತವೆ. ಅವುಗಳಿಗೆ ಗ್ರಿಲ್ ಎಂದು ಹೆಸರು. ವಾಹನದ ಸಿಲಿಂಡರಿನಲ್ಲಿ ಪ್ರೊಪೇನ್ ಅನಿಲವಿದೆ. ಹಲವು ವಾಹನಗಳ ಹೊರಮೈಯಲ್ಲಿ ಅನಿಲದ ನಲ್ಲಿಯೂ ಇದೆ. ಒಂದು ಕೊಳವೆ ಸಿಕ್ಕಿಸಿದರೆ ಮುಗಿಯಿತಲ್ಲ ಎನ್ನಿಸುವುದು ಸಹಜ. ಅಪಾಯ ಅಡಗಿರುವುದು ಅಲ್ಲಿಯೇ.

ಅಡಿಗೆಮನೆಯ ಸಿಲಿಂಡರಿನ ತಲೆಯ ಮೇಲೆ ಕೂರುವ ರೆಗ್ಯುಲೇಟರನ್ನು ಬಲ್ಲವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಬೆಚ್ಚನೆಯ ಹಗಲಿನಲ್ಲಿ ಸಿಲಿಂಡರಿನೊಳಗಿನ ಒತ್ತಡ ಚದರ ಅಂಗುಲಕ್ಕೆ 100 ಪೌಂಡನ್ನು ಮೀರುತ್ತದೆ. ವಾಹನದ ರೆಗ್ಯುಲೇಟರು ಅದನ್ನು ಅರ್ಧ ಪೌಂಡಿಗೂ ಕಡಿಮೆಗೆ ಇಳಿಸುತ್ತದೆ. ಹೊರಗಿನ ನಲ್ಲಿಗೆ ಸಾಮಾನ್ಯವಾಗಿ ಬರುವುದು ಹೀಗೆ ಪಳಗಿದ ಅನಿಲ. ಗ್ರಿಲ್ಲಿಗೂ ತನ್ನದೇ ರೆಗ್ಯುಲೇಟರಿದ್ದರೆ ಅನಿಲ ಎರಡನೆಯ ಬಾರಿ ಕುಗ್ಗಿ, ಜ್ವಾಲೆ ಸೊರಗುತ್ತದೆ. ಇದಕ್ಕೆ ಬೇಸತ್ತು ರೆಗ್ಯುಲೇಟರನ್ನು ಕಿತ್ತೆಸೆದವನು, ಮುಂದೊಂದು ದಿನ ಅದೇ ಗ್ರಿಲ್ಲನ್ನು ನೇರವಾಗಿ ಸಿಲಿಂಡರಿಗೆ ಜೋಡಿಸಿದರೆ, ಬೆಂಕಿ ಒಲೆಯ ಮೇರೆ ಮೀರಿ ಭುಗಿಲೇಳಬಹುದು. ಅನಿಲವನ್ನು ಪಳಗಿಸಬೇಕಾದುದು ಒಂದೇ ಬಾರಿ. ಎರಡು ಬಾರಿಯೂ ಅಲ್ಲ, ಪಳಗಿಸದೆಯೂ ಅಲ್ಲ.

ಆದುದರಿಂದ ಬಲ್ಲವರು ಕಡಿಮೆ ಒತ್ತಡಕ್ಕೆಂದೇ ತಯಾರಾದ ಗ್ರಿಲ್ಲನ್ನೂ ಅನಿಲಕ್ಕೆಂದೇ ಮಾಡಿದ ಕೊಳವೆಯನ್ನೂ ಆ ನಲ್ಲಿಗೆ ಜೋಡಿಸುತ್ತಾರೆ. ಸ್ವಂತ ರೆಗ್ಯುಲೇಟರಿರುವ ಗ್ರಿಲ್ಲಿಗೆ ಬೇರೆಯೇ ಸಿಲಿಂಡರನ್ನಿಡುತ್ತಾರೆ. ತಯಾರಕರ ಅನುಮತಿಯಿಲ್ಲದೆ ಯಾವ ಭಾಗವನ್ನೂ ಕಳಚುವುದಿಲ್ಲ.

ಒಲೆ ಹೊತ್ತಿಸುವ ಮುನ್ನ ಪ್ರತಿಯೊಂದು ಸಂದಿಗೂ ಸಾಬೂನು ನೀರು ಹಚ್ಚಿ ಅನಿಲವನ್ನು ಬಿಟ್ಟು ನೋಡುತ್ತಾರೆ. ಗುಳ್ಳೆಯೆದ್ದರೆ ಸೋರಿಕೆಯಿದೆ ಎಂದರ್ಥ. ಒಡನೆಯೇ ಸಿಲಿಂಡರನ್ನು ಮುಚ್ಚಬೇಕು. ಪ್ರೊಪೇನ್ ಗಾಳಿಗಿಂತ ಭಾರವಾದುದು. ಸೋರಿದರೆ ಮೇಲೆ ಹಾರಿಹೋಗದೆ ತಗ್ಗಿನಲ್ಲಿ ತಂಗಿ ಕಿಡಿಗಾಗಿ ಕಾಯುತ್ತದೆ. ಗ್ರಿಲ್ಲನ್ನು ವಾಹನದಿಂದಲೂ ಬಟ್ಟೆಯ ಚಪ್ಪರದಿಂದಲೂ ದೂರದಲ್ಲಿ, ಬಯಲಿನಲ್ಲಿಯೇ ಉರಿಸಬೇಕು. ಊಟ ಸಿದ್ಧವಾದ ಮೇಲೆ ಒಲೆಯ ತಿರುಪನ್ನಷ್ಟೇ ಅಲ್ಲ, ವಾಹನದ ನಲ್ಲಿಯನ್ನೂ ಮುಚ್ಚಬೇಕು. ಕೊಳವೆಯಿಂದ ಕೆಲವೇ ಅಡಿಗಳಾಚೆ, ತೆಳುವಾದ ಗೋಡೆಯ ಹಿಂದೆ, ಮಕ್ಕಳು ನಿದ್ರಿಸುತ್ತಿರುತ್ತಾರೆ.